ಬೆಕ್ತೂರ್‌ನ ನಿದ್ದೆ ಕೆಡಿಸದ ಬಂದೂಕು

"ಈ ಮನೆಗೆ ಬಂದೂಕು ಅಂತ ಬರೋದೇ ಆದ್ರೆ, ಅದನ್ನ ಆರಿಸೋಳು ನಾನು!"

ಜಿಪಾರ್ ಹೀಗೆ ಘೋಷಿಸಿದಾಗ ಅವಳ ಒಂದು ಕೈಯಲ್ಲಿ ಚಹಾದ ಬಟ್ಟಲು, ಇನ್ನೊಂದು ಕೈಯಲ್ಲಿ ಹತ್ತು ತಿಂಗಳ ಬೆಕ್ತೂರ್, ಹೆಗಲ ಮೇಲೆ ಅವನು ಆಗಷ್ಟೇ ಕಕ್ಕಿದ ಹಾಲು. ವೀರಪ್ರತಿಜ್ಞೆಗೆ ಇದಕ್ಕಿಂತ ಒಳ್ಳೆಯ ಅಲಂಕಾರ ಬೇಕೆ? ಕೊಚ್ಕೋರ್ ಕಣಿವೆಯ ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಅವಳ ಮಾತು ಕೇಳಿ ಯಾರಾದರೂ ಚಹಾ ಹೀರುವುದನ್ನು ನಿಲ್ಲಿಸಿದ್ದು ಅದೇ ಮೊದಲು! ಗಂಡ ತಿಲೆಕ್‌ನ ಬಾಯಿಯತ್ತ ಹೊರಟಿದ್ದ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಂಡು ಅರ್ಧದಾರಿಯಲ್ಲೇ ನಿಂತಿತು. ಅತ್ತೆ ಮಾತ್ರ ಬೋರ್ಸೋಕಿಗೆ ಕೆನೆ ಸವರುತ್ತಲೇ ಕೇಳಿದರು.

"ನಿಮ್ಮ ಬಿಷ್ಕೆಕ್ ನಗರದಲ್ಲಿ ಬಂದೂಕನ್ನೂ ಪರೀಕ್ಷೆ ಬರೆದೇ ತಗೋತಾರಾ ಮಗಳೇ?"

"ಪರೀಕ್ಷೆ ಮಾಡೇ ತಗೋಬೇಕು ಅಪಾ! ಮಗು ಇರೋ ಮನೆ ಇದು!" ಅತ್ತೆಯನ್ನು ಅವಳು ಅಪಾ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದಳು.

"ಈ ಮನೆಯಲ್ಲಿ ಮಗು ಇದೇ ಮೊದಲು ಹುಟ್ಟಿದ್ದು ನೋಡು," ಎಂದರು ಅತ್ತೆ. ಏಳು ಮಕ್ಕಳನ್ನು ಹೆತ್ತವರು ಅವರು. ಆದರೆ ಆ ಲೆಕ್ಕ ಜಿಪಾರ್‌ಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬಂದೂಕಿನ ಮಾತು ಎದ್ದಿದ್ದು ಕಾಗೆಗಳಿಂದ. ಬೆಕ್ತೂರ್ ಮಹಾರಾಜರು ಮಧ್ಯಾಹ್ನ ಒಂದೂವರೆ ಗಂಟೆ ಮಲಗುತ್ತಿದ್ದರು. ಇಡೀ ದಿನದಲ್ಲಿ ಜಿಪಾರ್ ತಲೆ ಬಾಚುವುದು, ಬಿಸಿ ಚಹಾ ಕುಡಿಯುವುದು, ತಾನೂ ಒಬ್ಬಳು ಮನುಷ್ಯಳೆಂದು ನೆನಪಿಸಿಕೊಳ್ಳುವುದು ಆ ಒಂದೂವರೆ ಗಂಟೆಯಲ್ಲಿ ಮಾತ್ರ. ಸರಿಯಾಗಿ ಅದೇ ಹೊತ್ತಿಗೆ ಕಣಿವೆಯ ಅಷ್ಟೂ ಕಾಗೆಗಳು ಕೊಟ್ಟಿಗೆಯ ಮಾಡಿನ ಮೇಲೆ ಸಭೆ ಸೇರುತ್ತಿದ್ದವು. ಅಲ್ಲಿ ಅತ್ತೆ ಒಣಹಾಕಿದ ಕುರುತ್ ಇರುತ್ತಿತ್ತಲ್ಲ! ಉಪ್ಪು ಹಾಕಿ ಕಟ್ಟಿದ ಆ ಮೊಸರಿನ ಉಂಡೆಗಳನ್ನು ಕಾಗೆಗಳು ಸುಮ್ಮನೆ ತಿಂದುಕೊಂಡು ಹೋಗಿದ್ದರೂ ಜಿಪಾರ್ ಕ್ಷಮಿಸುತ್ತಿದ್ದಳು. ಅವು ಒಂದೊಂದು ಉಂಡೆಗೂ ಭಾಷಣ ಮಾಡುತ್ತಿದ್ದವು! ಬೆಕ್ತೂರ್ ಇಪ್ಪತ್ತನೇ ನಿಮಿಷಕ್ಕೇ ಎದ್ದು ಕೂತು, ಕಾಗೆಗಳಿಗಿಂತ ಜೋರಾಗಿ ಠರಾವು ಮಂಡಿಸುತ್ತಿದ್ದ.

ತಿಲೆಕ್ ಇದೇ ಸಂದರ್ಭಕ್ಕೆ ಕಾದಿದ್ದ. "ಒಂದು ಒಳ್ಳೇ ಏರ್ ಗನ್ ತಂದ್ರೆ ಕಾಗೆ ಕಾಟ ಮುಗೀತು," ಎಂದು ಶುರುಮಾಡಿ, "ಹಂಗೇ ಗುಡ್ಡದಲ್ಲಿ ಗೌಜಲಹಕ್ಕಿನೂ ಹೊಡೀಬಹುದು," ಎಂದು ಮುಂದುವರಿಸಿ, "ನಮ್ಮಜ್ಜ ದೊಡ್ಡ ಬೇಟೆಗಾರ ಗೊತ್ತಾ!" ಎನ್ನುವಲ್ಲಿಗೆ ಬಂದು ನಿಂತ. "ಅಜ್ಜ ಬೇಟೆಯಿಂದ ಬರ್ತಿದ್ರೆ ಊರಿಗೆ ಊರೇ ದಾರೀಲಿ ನಿಂತು 'ಶಿರಲ್ಗಾ!' ಅಂತಿತ್ತು. ಅಂದವರಿಗೆಲ್ಲಾ ಬೇಟೇಲಿ ಪಾಲು! ಒಬ್ಬರಿಗೂ ಇಲ್ಲ ಅಂದವರಲ್ಲ!"

"ನಿಮ್ಮಪ್ಪ ಬಂದಾಗ ಯಾರೂ ಅಂತಿರಲಿಲ್ಲಪ್ಪ," ಎಂದರು ಅತ್ತೆ. "ಅಂದ್ರೆ ತಾನೇ ಏನು ಕೊಡ್ತಿದ್ದ, ಟೋಪಿನಾ?"

"ನಾನು ಬೇಟೆ ಆಡಿದ್ರೆ ಅಜ್ಜನ ಥರಾನೇ," ಎಂದಳು ಜಿಪಾರ್, ಹೆಗಲಿನ ಹಾಲು ಒರೆಸಿಕೊಳ್ಳುತ್ತ. "ಶಿರಲ್ಗಾ ಅಂದ ಯಾರಿಗೂ ಇಲ್ಲ ಅನ್ನೋಲ್ಲ. ಕೈಯಲ್ಲಿ ಇದ್ದದ್ದು ಕೊಟ್ಟೇಬಿಡ್ತೀನಿ!"

ಅತ್ತೆ ಅವಳನ್ನೊಮ್ಮೆ ನೋಡಿದರು. ಮತ್ತೆ ಬೋರ್ಸೋಕಿಗೆ ಕೆನೆ ಸವರತೊಡಗಿದರು. ಅವರು ಏನೂ ಹೇಳದಿದ್ದಾಗಲೇ ಹುಷಾರಾಗಿರಬೇಕು ಎಂಬುದು ಜಿಪಾರ್‌ಗೆ ಎರಡು ವರ್ಷದಲ್ಲೂ ತಿಳಿದಿರಲಿಲ್ಲ.

ಎರಡೇ ದಿನಕ್ಕೆ ತಿಲೆಕ್‌ನ ಸಹಪಾಠಿ ಮೆಲಿಸ್ ಪಟ್ಟಣದಿಂದ ಕಾರಿನಲ್ಲಿ ಬಂದಿಳಿದ. ಅವನದು ಬೇಟೆ ಸಾಮಾನಿನ ಅಂಗಡಿ. ಎರಡು ಉದ್ದನೆಯ ಪೆಟ್ಟಿಗೆಗಳನ್ನು, ಒಳಗೆ ರಾಜಕುಮಾರರು ಮಲಗಿದ್ದಾರೇನೋ ಎಂಬಂತೆ, ಚಾಪೆಯ ಮೇಲೆ ಇಳಿಸಿದ.

"ನೋಡಿ ಅತ್ತಿಗೆ! ಇದು ಕರಿಯ. ಗಿಡ್ಡ, ಹಗುರ, ಭಾರಿ ಜೋರು! ಬೇಟೆಗೇ ಅಂತ ಮಾಡಿದ್ದು. ಇದು ಅಕ್ರೋಟು ಮರದ ಹಿಡಿ ಇರೋನು. ಉದ್ದ, ಭಾರ, ನಿಧಾನಸ್ಥ. ಗುರಿ ಹೊಡೆಯೋ ಸ್ಪರ್ಧೆಗೆ ಅಂತಾನೇ ಹುಟ್ಟಿದ್ದು. ಎರಡೂ ಪರದೇಶದ್ದು, ಎರಡೂ ಮೇಲ್ದರ್ಜೆದು. ಒಂದು ವಾರ ಇಟ್ಕೊಳ್ಳಿ. ಒಂದು ಉಳಿಸ್ಕೊಂಡು ಇನ್ನೊಂದು ಹಾಗೇ ವಾಪಸ್ ಕೊಡಿ. ಗೀರು ಬಿದ್ರೆ ಎರಡೂ ನಿಮ್ಮದೇ!"

"ಕರಿಯ!" ಎಂದ ತಿಲೆಕ್, ಪೆಟ್ಟಿಗೆ ಪೂರ್ತಿ ತೆರೆಯುವ ಮೊದಲೇ.

"ಪರೀಕ್ಷೆ!" ಎಂದಳು ಜಿಪಾರ್.

ಅವಳು ಸುಮ್ಮನೆ ಕೂತಿರಲಿಲ್ಲ. ಹಾಲೂಡಿಸುತ್ತ ಒಂದೇ ಕೈಯಲ್ಲಿ ಫೋನಿನಲ್ಲಿ ಅವಳು ಓದಿದ್ದನ್ನು ಅಚ್ಚು ಹಾಕಿಸಿದ್ದರೆ ಬಂದೂಕಿನ ಪುರಾಣವೇ ಆಗುತ್ತಿತ್ತು. ಗಾಳಿ ಎಷ್ಟು ಒತ್ತಡದಲ್ಲಿ ಕೂರುತ್ತೆ, ಗುಂಡು ಎಷ್ಟು ದೂರ ಹಾರುತ್ತೆ, ಬಂದೂಕಿನ ಕುದುರೆ ತಾನಾಗಿ ಬೀಳದಂತೆ ತಡೆ ಎಲ್ಲಿರುತ್ತೆ, ಸೀಸದ ಗುಂಡನ್ನು ಮಗು ನುಂಗಿದರೆ ಏನು, ಗುಂಡಿನ ಡಬ್ಬಿಯ ಮುಚ್ಚಳವನ್ನು ನುಂಗಿದರೆ ಏನು... ಗುಂಡಿನ ಡಬ್ಬಿಯನ್ನು ಆಗಲೇ ಮೂರು ಬೀಗದ ಪೆಟ್ಟಿಗೆಗೆ ಸೇರಿಸಿದ್ದಳು. ಮೂರನೇ ಬೀಗದ ಕೈ ಎಲ್ಲಿಟ್ಟೆ ಎಂಬುದು ಅವಳಿಗೂ ಅರ್ಧ ದಿನ ನೆನಪಾಗಲಿಲ್ಲ. ಅಷ್ಟು ಭದ್ರ!

ಮೊದಲನೆಯದು ತೂಕದ ಪರೀಕ್ಷೆ. ಬೆಕ್ತೂರ್‌ನನ್ನು ತೂಗುವ ತಕ್ಕಡಿಯಲ್ಲೇ ಬಂದೂಕುಗಳನ್ನು ಮಲಗಿಸಿದಳು. ಕರಿಯ ಮೂರು ಕಿಲೋ ಇನ್ನೂರು. ಅಕ್ರೋಟು ನಾಲ್ಕು ಕಿಲೋ ಆರುನೂರು.

"ಇದು ಹುಟ್ಟಿದ ದಿನದ ಬೆಕ್ತೂರ್," ಎಂದು ಬರೆದುಕೊಂಡಳು. "ಅದು ನಲವತ್ತನೇ ದಿನದ ಬೆಕ್ತೂರ್."

"ಹಗುರ ಇದ್ರೆ ಒಳ್ಳೇದಲ್ವೇನೇ?" ಎಂದ ತಿಲೆಕ್.

"ಹುಟ್ಟಿದ ದಿನದ ಮಗೂನ ಎತ್ಕೊಂಡಾಗ ನಿಮ್ಮ ಕೈ ಹೇಗಿತ್ತು ರೀ?"

"ನಡುಗ್ತಿತ್ತು."

"ನಲವತ್ತನೇ ದಿನ?"

"ಗಟ್ಟಿ ಇತ್ತು."

"ಅಷ್ಟೇ!"

ಮೆಲಿಸ್ ತೊಡೆ ತಟ್ಟಿಕೊಂಡ. "ಭಾರದ ಬಂದೂಕು ಯಾಕೆ ಅಲುಗಾಡಲ್ಲ ಅಂತ ಹನ್ನೊಂದು ವರ್ಷದಿಂದ ಗಿರಾಕಿಗಳಿಗೆ ತಿಳಿಸಿ ಹೇಳ್ತಿದ್ದೀನಿ ಅತ್ತಿಗೆ. ಇಷ್ಟು ಬೇಗ ಯಾರಿಗೂ ತಿಳಿದಿರಲಿಲ್ಲ!"

ಒಂದನೇ ಪರೀಕ್ಷೆಯಲ್ಲಿ ಜಿಪಾರ್ ಪಾಸು! ಬಂದೂಕುಗಳ ಮಾತು ಆಮೇಲೆ.

ಎರಡನೆಯದೇ ಮಹಾಪರೀಕ್ಷೆ: ಸದ್ದು. ಬೆಕ್ತೂರ್ ತೊಟ್ಟಿಲಲ್ಲಿ ಮಲಗಿರುವಾಗ ಅಂಗಳದಲ್ಲಿ ಬಂದೂಕು ಹಾರಬೇಕು. ಎದ್ದರೆ ಆ ಬಂದೂಕು ಫೇಲು. ಇದರಲ್ಲಿ ತಪ್ಪಾಗಲು ಏನಿದೆ?

ಗಾಳಿ ತುಂಬುವುದಿತ್ತು! ಈ ಬಂದೂಕುಗಳ ಹೊಟ್ಟೆಯೊಳಗೆ ಕಾರಿನ ಟೈರಿಗಿಂತ ನೂರು ಪಟ್ಟು ಒತ್ತಡದ ಗಾಳಿ ಬೇಕು, ಅದನ್ನು ಕೈಪಂಪಿನಲ್ಲೇ ತುಂಬಬೇಕು. ತಿಲೆಕ್ ಅಂಗಿ ಕಳಚಿ ಪಂಪಿನ ಮೇಲೆ ಬಿದ್ದ. ಇಪ್ಪತ್ತನೇ ಒತ್ತಿಗೆ ನಕ್ಕ. ಅರವತ್ತಕ್ಕೆ ನಗು ನಿಂತಿತು. ನೂರಕ್ಕೆ ಅವನ ಮುಖ ಬೀಟ್‌ರೂಟ್ ಆಯಿತು.

"ಬೇಟೆಗಾರನೋ, ಸೈಕಲ್ ಶಾಪಿನವನೋ?" ಎಂದು ಕಿಟಕಿಯಿಂದ ಅತ್ತೆ ವಿಚಾರಿಸಿದರು.

ನೂರೈವತ್ತಕ್ಕೆ ಮೀಟರಿನ ಮುಳ್ಳು ಹಸಿರು ಗೆರೆ ಮುಟ್ಟಿತು. ಬೆಕ್ತೂರ್ ಇನ್ನೂ ಗಾಢ ನಿದ್ದೆಯಲ್ಲಿದ್ದ. ಜಿಪಾರ್ ತುದಿಗಾಲಲ್ಲಿ ಬಾಗಿಲ ಬಳಿ ನಿಂತು ಎಲ್ಲರಿಗೂ ಬೆರಳು ತೋರಿಸಿದಳು: ಶ್!

"ಈಗ ಪಂಪಿನ ಬುಡದ ತಿರುಪು ಸಡಿಲಿಸು," ಎಂದು ಮೆಲಿಸ್ ಪಿಸುಗುಟ್ಟಿದ. "ಕೊಳವೆಯಲ್ಲಿ ಉಳಿದ ಗಾಳಿ ಹೋಗಲಿ."

ತಿಲೆಕ್ ತಿರುಪು ಸಡಿಲಿಸಿದ.

ಠಸ್ಸ್ಸ್ಸ್!!

ಕೋಳಿಗಳು ಬೇಲಿ ಹಾರಿದವು. ಎದುರುಮನೆಯ ಹಸು ಹಗ್ಗ ಕಿತ್ತುಕೊಂಡು ಓಡಿತು. ನಾಯಿ ತನ್ನ ಗೂಡಿನೊಳಗೆ ಹೋಗಿ ಬೊಗಳಿತು. ಒಳಗಿನಿಂದ ಬೆಕ್ತೂರ್‌ನ ಠರಾವು ಕೇಳಿಬಂತು. ಬಂದೂಕು ಇನ್ನೂ ಒಂದು ಗುಂಡೂ ಹಾರಿಸಿರಲಿಲ್ಲ!

"ಕಾಗೆ ಓಡಿಸೋಕೆ ಪಂಪೇ ಸಾಕಲ್ಲಪ್ಪ," ಎಂದರು ಅತ್ತೆ. "ಬಂದೂಕು ಯಾಕೆ?"

ಜಿಪಾರ್ ಸೋಲುವವಳೇ? ಮರುದಿನ ಪಂಪಿನ ಬುಡಕ್ಕೆ ಬೆಕ್ತೂರ್‌ನ ನಾಲ್ಕು ಡೈಪರ್ ಸುತ್ತಿ, ಅದರ ಮೇಲೊಂದು ಹತ್ತಿ ಹಾಸಿಗೆ ಹೊದಿಸಿ, "ಈಗ ತಿರುಗಿಸಿ!" ಎಂದಳು. ಪುಸ್ಸ್... ಬೆಕ್ಕು ಸೀನಿದಷ್ಟೇ ಸದ್ದು! ತಮಾಷೆ ನೋಡಲೆಂದೇ ಉಳಿದಿದ್ದ ಮೆಲಿಸ್ ಅದರ ಫೋಟೋ ತೆಗೆದುಕೊಂಡ, ಅಂಗಡಿಯಲ್ಲಿ ಹಾಕಲು. ನಗರದ ಓದಿಗೆ ಜಯವಾಗಲಿ!

ಗುರಿಗೆಂದು ಹಳೇ ಪಾತ್ರೆಯ ಮುಚ್ಚಳವೊಂದನ್ನು ಅಂಗಳದ ಕೊನೆಯ ಮಣ್ಣಿನ ಗೋಡೆಗೆ ತೂಗುಹಾಕಿದರು. ಗೋಡೆಯ ಬುಡದಲ್ಲಿ, ಮುಚ್ಚಳದಿಂದ ನಾಲ್ಕು ಮಾರು ಪಕ್ಕಕ್ಕೆ, ಚಹಾದ ನೀರು ಕಾಯಿಸುವ ಅತ್ತೆಯ ಹಿತ್ತಾಳೆ ಸಮೋವಾರ್ ಹೊಗೆಯಾಡುತ್ತ ನಿಂತಿತ್ತು. ನಾಲ್ಕು ಮಾರು ಅಂದರೆ ಬೇಕಾದಷ್ಟಾಯಿತು ಎಂದು ತಿಲೆಕ್ ಹೇಳಿದ. ನೂರೈವತ್ತು ಸಲ ಪಂಪು ಹೊಡೆದ ಎದೆ ಇನ್ನೂ ತಿದಿಯಂತೆ ಏಳುತ್ತ ಬೀಳುತ್ತಿತ್ತು. ಕರಿಯನನ್ನು ಹೆಗಲಿಗೇರಿಸಿ, ದುರ್ಬೀನಿಗೆ ಕಣ್ಣಿಟ್ಟು ಹೊಡೆದೇಬಿಟ್ಟ.

ಟಪ್! ಸದ್ದು ನಿಜಕ್ಕೂ ಸಣ್ಣದು. ಬೆಕ್ತೂರ್ ಏಳಲಿಲ್ಲ. ಮುಚ್ಚಳವೂ ಅಲುಗಲಿಲ್ಲ. ಸಮೋವಾರಿನ ಹೊಟ್ಟೆಯಿಂದ ಮಾತ್ರ ದಾರದಷ್ಟು ಸಣ್ಣ ಬಿಸಿನೀರಿನ ಧಾರೆ ಚಿಮ್ಮಿ, ಬಿಲ್ಲಿನಂತೆ ಬಾಗಿ ಅಂಗಳಕ್ಕೆ ಬೀಳತೊಡಗಿತು.

ಅತ್ತೆ ಎದ್ದು ಬಂದರು. ಧಾರೆಯ ಕೆಳಗೆ ಒಂದು ಬಟ್ಟಲು ಹಿಡಿದರು. ಅದು ತುಂಬಿತು. ಇನ್ನೊಂದು ಹಿಡಿದರು.

"ನಲ್ಲಿ ಎರಡಾಯ್ತು," ಎಂದರು. "ಚಹಾ ಯಾರಿಗೆ?"

ತೂತಿಗೆ ಬೋರ್ಸೋಕ್ ಹಿಟ್ಟು ಮೆತ್ತಿ ಮುಚ್ಚಿದರು. ತಿಲೆಕ್ ತನ್ನ ಮರ್ಯಾದೆಗೆ ಏನು ಮೆತ್ತುವುದೆಂದು ತಿಳಿಯದೆ ನೆಲ ನೋಡುತ್ತ ಕೂತ.

"ಕೊಡಿ ಇಲ್ಲಿ," ಎಂದಳು ಜಿಪಾರ್.

"ನೀನಾ? ಜೀವಮಾನದಲ್ಲಿ ಬಂದೂಕು ಮುಟ್ಟಿದ್ದೀಯೇನೇ?"

"ನಲವತ್ತು ದಿನದ ಮಗು ಮುಟ್ಟಿದ್ದೀನಿ."

ಅಕ್ರೋಟು ಬಂದೂಕನ್ನು ಎಡಗೈ ಮೇಲೆ ಮಲಗಿಸಿಕೊಂಡಳು. ತಲೆ ಎಲ್ಲಿ, ಕಾಲು ಎಲ್ಲಿ ಎಂದು ಕೈಗೇ ಗೊತ್ತಾಯಿತು. ಕೆನ್ನೆಯನ್ನು ಮರಕ್ಕೆ ತಾಗಿಸಿದಳು. ಒಳಗೆ ಮಗು ಮಲಗಿದೆ ಎಂಬ ನೆನಪು ಬಂದದ್ದೇ ತಡ, ಉಸಿರು ತಾನಾಗಿ ನಿಂತಿತು. ಹತ್ತು ತಿಂಗಳಿಂದ ದಿನಕ್ಕೆ ನಾಲ್ಕು ಬಾರಿ ಅವಳು ಇದೇ ಅಭ್ಯಾಸ ಮಾಡಿದ್ದಳಲ್ಲವೆ? ಮಗುವಿನ ತಲೆಯಡಿಯಿಂದ ಕೈ ಎಳೆದುಕೊಳ್ಳುವಾಗ ಉಸಿರಾಡುವಂತಿಲ್ಲ. ಬೆರಳು ಬೆರಳಾಗಿ ಬಿಡಿಸಬೇಕು. ಮೂಳೆ ಸಹ ಲಟಕ್ ಅನ್ನಬಾರದು! ತೊಟ್ಟಿಲ ಪಕ್ಕದ ಆ ತಪಸ್ಸೆಲ್ಲ ಈಗ ತೋರುಬೆರಳಿಗೆ ಇಳಿದು ಬಂತು.

ಟಿಕ್.

ಮುಚ್ಚಳ "ಟಿಣ್" ಎಂದಿತು. ಮತ್ತೆ ಟಿಕ್, ಟಿಣ್. ಐದು ಗುಂಡು! ಮೆಲಿಸ್ ಓಡಿಹೋಗಿ ಮುಚ್ಚಳ ತಂದು ನೋಡಿದರೆ ನಟ್ಟನಡುವೆ ಒಂದೇ ತೂತು, ಅಂಗಿ ಗುಂಡಿಯಷ್ಟಗಲ.

"ಒಂದೇ ತಗುಲಿದ್ದು," ಎಂದ ತಿಲೆಕ್, ಆಸೆಯಿಂದ.

"ಐದೂ ಅದೇ ತೂತಲ್ಲಿ ಹೋಗಿದೆಯಲ್ಲೋ!" ಎಂದು ಮೆಲಿಸ್ ಟೋಪಿ ತೆಗೆದ. "ಅತ್ತಿಗೆ, ಎಲ್ಲಿ ಕಲಿತ್ರಿ?"

"ತೊಟ್ಟಿಲ ಪಕ್ಕ!" ಎಂದು ಜಿಪಾರ್ ಘನಗಂಭೀರವಾಗಿ ನುಡಿದಳು. ಒಳಗೆ ಬೆಕ್ತೂರ್ ಇನ್ನೂ ಮಲಗಿಯೇ ಇದ್ದ. ಅದಕ್ಕಿಂತ ದೊಡ್ಡ ಪದಕವಿದೆಯೇ? "ಅಕ್ರೋಟೇ ಉಳೀಲಿ. ತೀರ್ಮಾನ ಆಯ್ತು."

ತಿಲೆಕ್ ಒಪ್ಪಲಿಲ್ಲ. "ಮುಚ್ಚಳ ಹಾರಲ್ಲ, ಓಡಲ್ಲ. ಬೇಟೆ ಬೇರೆ! ಗುಡ್ಡಕ್ಕೆ ಹೋಗೋಣ. ನಾನು ಕರಿಯ, ನೀನು ಅಕ್ರೋಟು. ಯಾರು ಜಾಸ್ತಿ ಗೌಜಲಹಕ್ಕಿ ತರ್ತಾರೋ ಅವರ ಬಂದೂಕು ಮನೇಲಿ ಉಳಿಯುತ್ತೆ!"

"ಆಗ್ಲಿ!" ಎಂದಳು ಜಿಪಾರ್. ಎಂದಮೇಲೆ ತೊಟ್ಟಿಲ ಕಡೆ ತಿರುಗಿದಳು. ಗುಡ್ಡಕ್ಕೆ ಹೋಗುವುದೆಂದರೆ ಬೆಕ್ತೂರ್‌ನನ್ನು ಬಿಟ್ಟು ಹೋಗಬೇಕು! ಹುಟ್ಟಿದಂದಿನಿಂದ ಅವನನ್ನು ಒಂದು ಗಂಟೆಯೂ ಬಿಟ್ಟಿರಲಿಲ್ಲ. ಆದರೆ ಸೋತರೆ ಈ ಮನೆಯಲ್ಲಿ ಅವಳ ಮಾತು ನಡೆದ ಮೊದಲ ಸಂದರ್ಭವೇ ಕೊನೆಯದೂ ಆಗುತ್ತಿತ್ತು. ಹಲ್ಲು ಕಚ್ಚಿ ಅತ್ತೆಗೊಂದು ಪಟ್ಟಿ ಬರೆದಳು. ಹಾಲಿನ ಬಿಸಿ ಎಷ್ಟಿರಬೇಕು, ಯಾವ ಮಗ್ಗುಲಲ್ಲಿ ಮಲಗಿಸಬೇಕು, ಯಾವ ಹಾಡಿನ ಎಷ್ಟನೇ ಸಾಲಿಗೆ ಕಣ್ಣು ಮುಚ್ಚುತ್ತಾನೆ: ಒಟ್ಟು ಹದಿನಾಲ್ಕು ಸೂಚನೆ. ಅತ್ತೆ ಅದನ್ನು ಎರಡೂ ಕೈಯಲ್ಲಿ ಗೌರವದಿಂದ ತಗೊಂಡು ಮಡಚಿ ಜೇಬಿಗಿಟ್ಟುಕೊಂಡರು.

ಗುಡ್ಡದ ತಪ್ಪಲಿಗೆ ಕಾರಿನಲ್ಲಿ ಅರ್ಧ ಗಂಟೆ. ಅಷ್ಟರಲ್ಲಿ ಜಿಪಾರ್ ಮನೆಗೆ ಮೂರು ಬಾರಿ ಫೋನ್ ಮಾಡಿದಳು. ನಾಲ್ಕನೇ ಬಾರಿ ಅತ್ತೆ ಎತ್ತಲಿಲ್ಲ.

"ಏನಾಗಿದೆಯೋ ಏನೋ ರೀ!"

"ನೀನು ಫೋನ್ ಮಾಡಿದ್ರೆ ಮಗು ಏಳುತ್ತೆ ಅಂತ ಎತ್ತಿಲ್ಲ ಕಣೇ," ಎಂದ ತಿಲೆಕ್. ಆ ವಾರದಲ್ಲಿ ಅವನು ಆಡಿದ ಏಕೈಕ ಸರಿಯಾದ ಮಾತು ಅದು.

ಬೇಟೆಯ ವರ್ಣನೆ ಉದ್ದವಿಲ್ಲ. ಕರಿಯ ಎಷ್ಟು ಜೋರೆಂದರೆ ಒಂದೊಂದು ಗುಂಡಿಗೂ ರಾಶಿ ಗಾಳಿ ನುಂಗುತ್ತಿದ್ದ! ತಿಲೆಕ್ ಆರು ಗುಂಡು ಹಾರಿಸುವುದು, ಪಂಪು ಹೊಡೆಯುವುದು, ಏದುಸಿರು ಬಿಡುವುದು. ಆ ಏದುಸಿರು ಕೇಳಿ ಹಕ್ಕಿಗಳು ಪಕ್ಕದ ಗುಡ್ಡಕ್ಕೆ ವಲಸೆ ಹೋಗುವುದು. ಆ ಪಕ್ಕದ ಗುಡ್ಡದಲ್ಲಿ ಬಂಡೆಗೊರಗಿ, ಮಗು ಮಲಗಿಸಿದ ಭಂಗಿಯಲ್ಲಿ ಜಿಪಾರ್ ಕಾದಿದ್ದಳು! ಟಿಕ್. ಟಿಕ್. ಮಧ್ಯಾಹ್ನ ದಾಟುವುದರೊಳಗೆ ಅವಳ ಚೀಲದಲ್ಲಿ ಏಳು ಗೌಜಲಹಕ್ಕಿ. ತಿಲೆಕ್‌ನ ಚೀಲದಲ್ಲಿ ಪಂಪು.

"ಸೋತೆ," ಎಂದ ಅವನು, ಟೋಪಿ ತೆಗೆದು ತಲೆ ಬಾಗಿಸಿ. "ಅಕ್ರೋಟೇ ಉಳೀಲಿ, ಮಹಾರಾಣಿ!"

ಆಹಾ! ಕಾರಿನ ಕಿಟಕಿ ಇಳಿಸಿ, ಅಕ್ರೋಟು ಬಂದೂಕನ್ನು ಮಡಿಲಲ್ಲಿ ಮಲಗಿಸಿಕೊಂಡು, ಜಿಪಾರ್ ಊರು ಪ್ರವೇಶಿಸಿದ ವೈಭವ ನೋಡಬೇಕಿತ್ತು! ಏಳು ಹಕ್ಕಿಯ ವಿಲೇವಾರಿಯೂ ಮನಸ್ಸಿನಲ್ಲಿ ಆಗಿತ್ತು. ಆರು ಪಲಾವಿಗೆ. ಒಂದು, ಬೆಕ್ತೂರ್ ಮೊದಲ ಬಾರಿ ಸವಿಯುವ ಮಾಂಸದ ಸಾರಿಗೆ.

ಊರಬಾಗಿಲಲ್ಲೇ ಟ್ರ್ಯಾಕ್ಟರಿನ ಅಸಾನ್‌ಬಾಯ್ ಕೈ ಅಡ್ಡ ಹಿಡಿದ.

"ಏನು ಸೊಸೆ, ನೀವಾ ಹೊಡೆದಿದ್ದು? ಶಿರಲ್ಗಾ!"

"ತಗೊಳ್ಳಿ ಅಣ್ಣಾ!" ಎಂದು ಮಹಾರಾಣಿ ಒಂದು ಹಕ್ಕಿ ದಯಪಾಲಿಸಿದಳು. ಎಷ್ಟು ಸುಖ, ಕೊಡುವುದು!

ಬಾವಿಯ ಹತ್ತಿರ ಶಾಲೆಯ ಟೀಚರಮ್ಮ: "ಶಿರಲ್ಗಾ!" ಎರಡು. ಅಂಗಡಿಯ ಮುಂದೆ ಅಂಗಡಿಯವಳು: "ಶಿರಲ್ಗಾ!" ಮೂರು. ಅವಳ ಹಿಂದೆ ಉಪ್ಪು ಕೊಳ್ಳಲು ನಿಂತಿದ್ದವಳು: "ನಂಗೂ ಶಿರಲ್ಗಾ!" ನಾಲ್ಕು.

"ಗಾಡಿ ಜೋರಾಗಿ ಬಿಡ್ರೀ!" ಎಂದು ಜಿಪಾರ್ ಹಲ್ಲು ಬಿಗಿಹಿಡಿದು ಹೇಳಿದಳು.

"ಬೇಟೆಗಾರ ಓಡಿಹೋಗಬಾರದು ಕಣೇ, ಊರಿಗೇ ಅಪಶಕುನ," ಎಂದ ತಿಲೆಕ್. ಎಂದೂ ಇಷ್ಟು ನಿಧಾನವಾಗಿ ಅವನು ಗಾಡಿ ಓಡಿಸಿರಲಿಲ್ಲ. ಸೋತವನ ಮುಖದಲ್ಲಿ ಅಷ್ಟು ಆನಂದವನ್ನೂ ಅವಳು ಎಂದೂ ನೋಡಿರಲಿಲ್ಲ.

ಕುದುರೆ ಮೇಲೆ ಬಂದವರಿಗೆ ಐದನೆಯದು. ಎದುರುಮನೆಯವರಿಗೆ ಆರನೆಯದು. ಅವರ ಹಸು ಓಡಿಸಿದ ಪಾಪವೂ ಇತ್ತಲ್ಲ! ಬೆಕ್ತೂರ್‌ನ ಸಾರಿನ ಏಳನೆಯದನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು ಇಳಿದರೆ, ಬೇಲಿಯ ಪಕ್ಕದ ಬೆಂಚಿನಲ್ಲಿ ತೊಂಬತ್ತು ವರ್ಷದ, ಕಣ್ಣು ಸರಿಯಾಗಿ ಕಾಣದ ಅಜ್ಜಿ ಕೂತಿದ್ದರು.

"ಶಾಲಲ್ಲಿ ಬಾಲ ಕಾಣ್ತಿದೆ ಮಗಾ," ಎಂದರು ಅಜ್ಜಿ. "ಶಿರಲ್ಗಾ!"

ಏಳು.

ಇರಲಿ! ಹಕ್ಕಿ ಹೋದರೇನು, ಗೆಲುವು ಹೋಗುತ್ತದೆಯೇ? ಮಾತು ನಡೆಯಿತು, ಬಂದೂಕು ಉಳಿಯಿತು! ಜಿಪಾರ್ ತಲೆಯೆತ್ತಿ ಗೇಟು ತೆರೆದಳು. ಎದುರಿಗೇ ಅತ್ತೆ, ಅವರ ಹೆಗಲ ಮೇಲೆ ಬೆಕ್ತೂರ್, ಬೆಣ್ಣೆಯಂತೆ ನಿದ್ದೆ.

"ಮಲಗಿದ್ದಾನಾ! ಪಟ್ಟಿ ನೋಡಿ ಮಲಗಿಸಿದ್ರಾ ಅಪಾ?"

"ಓ, ಆ ಕಾಗದಾನಾ? ಸಮೋವಾರ್ ಹೊತ್ತಿಸಿದೆ. ಚೆನ್ನಾಗಿ ಉರೀತು," ಎಂದರು ಅತ್ತೆ. ಆಮೇಲೆ ಸೊಸೆಯ ಖಾಲಿ ಚೀಲವನ್ನು, ಹೆಗಲ ಮೇಲಿನ ಬಂದೂಕನ್ನು ನಿಧಾನವಾಗಿ ನೋಡಿ, ನಕ್ಕು, ಮೆಲ್ಲಗೆ ಹೇಳಿದರು.

"ಶಿರಲ್ಗಾ."

ಜಿಪಾರ್ ಖಾಲಿ ಚೀಲ ತಿರುವಿ ತೋರಿಸಿದಳು. "ಹಕ್ಕಿ ಎಲ್ಲಾ ಹಂಚಿಹೋಯ್ತು ಅಪಾ..."

"ಕೈಯಲ್ಲಿ ಇದ್ದದ್ದು ಕೊಟ್ಟೇಬಿಡ್ತೀನಿ, ಯಾರಿಗೂ ಇಲ್ಲ ಅನ್ನೋಲ್ಲ ಅಂದೋರು ಯಾರಮ್ಮಾ?"

ಹಿಂದೆ ತಿಲೆಕ್ ಕಾರಿಗೆ ಒರಗಿ ಹೊಟ್ಟೆ ಹಿಡಿದುಕೊಂಡಿದ್ದ. ಅತ್ತೆ ಮಗುವನ್ನು ಸೊಸೆಯ ತೋಳಿಗೆ ಜಾರಿಸಿದರು. ಅವನ ಒಂದು ರೆಪ್ಪೆಯೂ ಅಲುಗಲಿಲ್ಲ. ಅದೇ ಕೈಯಲ್ಲಿ ಬಂದೂಕು ತಗೊಂಡರು. ಮೀಟರಿನ ಮುಳ್ಳು ನೋಡಿದರು. ಗುಂಡು ಕೂರಿಸಿ ಪಕ್ಕದ ಸನ್ನೆಕೋಲು ಎಳೆದರು, ಚಹಾಕ್ಕೆ ಸಕ್ಕರೆ ಹಾಕುವಷ್ಟು ಸರಾಗವಾಗಿ.

"ಅಪಾ, ನಿಮಗೆ ಬರುತ್ತಾ?"

"ನಮ್ಮ ಕಾಲದಲ್ಲಿ ಶಾಲೇಲೇ ಕಲಿಸ್ತಿದ್ರು. ಜಿಲ್ಲೆಗೆ ಮೊದಲನೇ ಬಹುಮಾನ. ಕೇಳಿದ್ರೆ ಹೇಳ್ತಿದ್ದೆ."

ಕೊಟ್ಟಿಗೆಯ ಮಾಡಿನ ಮೇಲೆ ಕಾಗೆಯೊಂದು ಕುರುತ್ ಉಂಡೆ ಕಚ್ಚಿಕೊಂಡು ಇನ್ನೇನು ಭಾಷಣ ಶುರುಮಾಡುವುದರಲ್ಲಿತ್ತು. ಹಿಂದೆ ಬರೀ ಬೋಳು ಗುಡ್ಡ. ಅತ್ತೆ ಕೆನ್ನೆ ತಾಗಿಸಿದರು.

ಟಿಕ್.

ಕೊಕ್ಕಿನಲ್ಲಿದ್ದ ಉಂಡೆ ಬಿಳಿ ಪುಡಿಯಾಗಿ ಹಾರಿತು! ಕಾಗೆಗೆ ಒಂದು ಗರಿಯೂ ಕೊಂಕಲಿಲ್ಲ. ಅದು ಖಾಲಿ ಕೊಕ್ಕನ್ನು ತೆರೆದು, ಮುಚ್ಚಿ, ಜೀವನದಲ್ಲಿ ಮೊದಲ ಬಾರಿಗೆ ಮಾತೇ ಇಲ್ಲದೆ ಎದ್ದು ಹೋಯಿತು. ಹಿಂದೆಯೇ ಅದರ ಇಡೀ ಸಭೆ ಹೋಯಿತು. ಬೆಕ್ತೂರ್ ಉಸಿರೆಳೆದುಕೊಂಡು ಇನ್ನಷ್ಟು ಗಾಢ ನಿದ್ದೆಗೆ ಇಳಿದ.

"ಒಳ್ಳೇ ಬಂದೂಕು ಆರಿಸಿದ್ದೀಯ," ಎಂದರು ಅತ್ತೆ. ಎರಡು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಮೆಚ್ಚುಗೆ! ಜಿಪಾರ್‌ಳ ಎದೆ ಉಬ್ಬಿತು. ಬಂದೂಕು ಮಾತ್ರ ಆಗಲೇ ಅತ್ತೆಯ ಹೆಗಲೇರಿ ಅವರ ಕೋಣೆಯತ್ತ ಹೊರಟಿತ್ತು. "ಗಾಳಿ ತುಂಬೋಕೆ ನನ್ನ ಮಗ ಇದ್ದಾನೆ."

"ಆದ್ರೆ ಅಪಾ, ಅಷ್ಟು ಚೆನ್ನಾಗಿ ಉಸಿರು ಹಿಡಿಯೋದು ನಿಮಗೆ..."

ಅತ್ತೆ ಹೊಸ್ತಿಲಲ್ಲಿ ತಿರುಗಿ ನೋಡಿದರು.

"ಏಳು ಮಕ್ಕಳನ್ನ ಮಲಗಿಸಿದ್ದೀನಿ ಮಗಳೇ. ನೀನಿನ್ನೂ ಒಂದನೇ ಕ್ಲಾಸು!"